ಬಿಡಿ ಹಾಳೆ ಎಸೆಯಬೇಡಿ: ಕಪ್ಪು ಸಂಗೀತಗಾರರ ಆರ್ಕೈವ್‌ನಲ್ಲಿ ನನ್ನ ಅನುಭವ

ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಪ್ಪು ಸಂಗೀತಗಾರರ ಕಾಗದಪತ್ರಗಳನ್ನು ಜೋಡಿಸಿ ಪಟ್ಟಿ ಮಾಡುವುದು ನನ್ನ ಕೆಲಸ. ನಮಗೆ ಪೆಟ್ಟಿಗೆಗಳು ಬರುವುದು ಮನೆಯ ಅಟ್ಟದಿಂದ, ಚರ್ಚಿನ ಕಪಾಟಿನಿಂದ, ಮೊಮ್ಮಕ್ಕಳ ಗ್ಯಾರೇಜಿನಿಂದ. ಅಚ್ಚಾಗದ ಸಂಗೀತವೇ ಜಾಸ್ತಿ. ಕೈಬರಹದ ಒಂದೇ ಪ್ರತಿ ಇರುತ್ತದೆ. ಅದು ಹೋದರೆ ಕೃತಿಯೇ ಹೋಯಿತು.

ಸಂಗೀತ ರಚನಕಾರ್ತಿ ಫ್ಲಾರೆನ್ಸ್ ಪ್ರೈಸ್ ಅವರ ವಿಷಯವನ್ನೇ ನೋಡಿ. 1933ರಲ್ಲಿ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ ಅವರ ಮೊದಲ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ, ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದು ಕಪ್ಪು ಮಹಿಳೆಯ ಸಿಂಫನಿ ನುಡಿಸಿದ್ದು ಅದೇ ಮೊದಲು. ಹತ್ತು ವರ್ಷದ ಮೇಲೆ ಬಾಸ್ಟನ್ನಿನ ಆರ್ಕೆಸ್ಟ್ರಾ ನಿರ್ದೇಶಕ ಕುಸೆವಿಟ್‌ಸ್ಕಿಗೆ ಅವರು ಪತ್ರ ಬರೆದರು. ಹೆಣ್ಣಾಗಿರುವುದು, ಕಪ್ಪು ಜನಾಂಗದವಳಾಗಿರುವುದು, ಎರಡೂ ನನಗೆ ಅಡ್ಡಿ ಎಂದು ನೇರವಾಗಿ ಹೇಳಿಕೊಂಡರು. 1953ರಲ್ಲಿ ತೀರಿಕೊಂಡರು. 2009ರಲ್ಲಿ ಇಲಿನಾಯ್‌ನ ಸೇಂಟ್ ಆ್ಯನ್ ಎಂಬ ಊರಿನಲ್ಲಿ, ಪಾಳುಬಿದ್ದಿದ್ದ ಅವರ ಬೇಸಿಗೆ ಮನೆಯಲ್ಲಿ ರಾಶಿ ಕಾಗದ ಸಿಕ್ಕಿತು. ಎರಡು ವಯಲಿನ್ ಕನ್ಚರ್ಟೊ (ವಯಲಿನ್ ಮುಂದಾಳಾಗಿ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ), ನಾಲ್ಕನೇ ಸಿಂಫನಿ ಅದರಲ್ಲಿದ್ದವು. ಮನೆ ಕೊಂಡವರು ಈ ಹೆಸರು ಯಾರದು ಎಂದು ಹುಡುಕದೆ ಕಸಕ್ಕೆ ಹಾಕಿದ್ದರೆ? ಈಗ ಅವೆಲ್ಲ ಅರ್ಕನ್ಸಾ ವಿಶ್ವವಿದ್ಯಾಲಯದಲ್ಲಿವೆ. 1945ರ ಆ ಸಿಂಫನಿಯನ್ನು ಆರ್ಕೆಸ್ಟ್ರಾ ನುಡಿಸಿದ್ದು 2018ರಲ್ಲಿ!

ಹಾಗಾಗಿ ಪೆಟ್ಟಿಗೆ ಬಂದ ಕೂಡಲೇ ನಾನು ಏನನ್ನೂ ಕದಲಿಸುವುದಿಲ್ಲ. ಯಾವುದರ ಪಕ್ಕ ಯಾವುದಿದೆ ಎಂದು ಫೋಟೋ ತೆಗೆಯುತ್ತೇನೆ. ಆಮೇಲೆ ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ತೆಳು ಪಟ್ಟಿಯಿಂದ ಮೆಲ್ಲಗೆ ಬಿಡಿಸಿ, ಹಾಳೆಗಳನ್ನು ಆಮ್ಲವಿಲ್ಲದ ಫೋಲ್ಡರಿಗೆ ಹಾಕುತ್ತೇನೆ. ಬರೆಯಲು ಪೆನ್ಸಿಲ್ ಮಾತ್ರ.

ನಾನು ಜಗಳಕ್ಕೂ ಸಿದ್ಧ ಇರುವುದು ಪಾರ್ಟ್‌ಗಳ ವಿಷಯದಲ್ಲಿ. ಎಲ್ಲ ವಾದ್ಯಗಳ ಸ್ವರ ಒಟ್ಟಿಗೆ ಇರುವ ಪೂರ್ತಿ ಸ್ಕೋರ್ ಇದೆಯಲ್ಲ, ಒಬ್ಬೊಬ್ಬ ವಾದಕನಿಗೆ ಬರೆದುಕೊಟ್ಟ ಬಿಡಿ ಹಾಳೆ ಯಾಕೆ, ಸುಮ್ನೆ ಜಾಗ ತಿನ್ನುತ್ತದೆ ಎನ್ನುವವರಿದ್ದಾರೆ. ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ಸಂಗ್ರಹ ನೋಡಿ, 1988ರಲ್ಲಿ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯ ಸ್ಮಿತ್‌ಸೋನಿಯನ್‌ಗೆ ಬಂತು. ಅಲ್ಲಿನ ಎಷ್ಟೋ ಪಾರ್ಟ್‌ಗಳ ಮೇಲೆ ಒಂದನೇ ಟ್ರಂಪೆಟ್, ಎರಡನೇ ಟ್ರಂಪೆಟ್ ಎಂದಿಲ್ಲ, ವಾದಕರ ಹೆಸರೇ ಇದೆ. ಎಲಿಂಗ್ಟನ್ ಆ ಮನುಷ್ಯನ ದನಿ ಕಿವಿಯಲ್ಲಿಟ್ಟುಕೊಂಡೇ ಬರೆಯುತ್ತಿದ್ದರು. ಪಾರ್ಟ್ ಎಸೆದರೆ ಈ ಸಾಕ್ಷಿ ಎಲ್ಲಿ ಸಿಗುತ್ತದೆ?

ಒಬ್ಬ ಚರ್ಚ್ ಆರ್ಗನ್ ವಾದಕರ ಪೆಟ್ಟಿಗೆಯಲ್ಲಿ ಒಂದು ಕೋರಸ್ ಕೃತಿಯ ಸ್ಕೋರೇ ಇರಲಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂಬ ನಾಲ್ಕು ದನಿಗಳ ಹಾಳೆ ಮಾತ್ರ ಇದ್ದವು, ಅದೂ ಬೇರೆಬೇರೆ ಕಡೆ. ಬೇಸ್ ಹಾಳೆ ಒಂದು ಅಂತ್ಯಸಂಸ್ಕಾರದ ಕಾರ್ಯಕ್ರಮಪಟ್ಟಿಯೊಳಗೆ ಮಡಚಿಕೊಂಡಿತ್ತು. ಉದ್ದ ಮೇಜಿನ ಮೇಲೆ ಒಂದರ ಕೆಳಗೊಂದು ಹರಡಿ, ತಾಳದ ಗೆರೆ ಗೆರೆಗೆ ಹೊಂದಿಸುತ್ತಾ ಹೋದೆ. ಆಲ್ಟೊ ಹಾಳೆಯಲ್ಲಿ ಕೊನೆಯ ಸಾಲುಗಳನ್ನು ಪೆನ್ಸಿಲಿನಲ್ಲಿ ಹೊಡೆದು ಹೊಸ ಸ್ವರ ಬರೆದಿದ್ದರು. ಟೆನರ್‌ನಲ್ಲೂ ಅಲ್ಲೇ ತಿದ್ದಿತ್ತು. ಹಾಡಿ ನೋಡಿ ಬದಲಾಯಿಸಿದ್ದಾರೆ ಅಂತ ಗೊತ್ತಾಯಿತು. ಕಾರ್ಯಕ್ರಮಪಟ್ಟಿಯಿಂದ ಯಾವ ದಿನ ಹಾಡಿದ್ದು ಎಂದೂ ತಿಳಿಯಿತು. ಹಾಳೆ ಸಂಗೀತದ ಫೋಲ್ಡರಿಗೆ, ಕಾರ್ಯಕ್ರಮಪಟ್ಟಿ ‘ಇತರೆ’ ಎಂಬ ಫೋಲ್ಡರಿಗೆ ಹೋಗಿದ್ದರೆ ಈ ನಂಟು ಅಲ್ಲೇ ಕಡಿಯುತ್ತಿತ್ತು, ಅಲ್ವಾ?

ಟೇಪುಗಳ ಮಾತು ಬೇರೆ. ಸಿಕ್ಕಿದ ತಕ್ಷಣ ನುಡಿಸಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. 1970, 80ರ ದಶಕದ ಕೆಲವು ಟೇಪುಗಳಲ್ಲಿ ಧ್ವನಿಯ ಪದರವನ್ನು ಹಿಡಿದಿಟ್ಟಿರುವ ಅಂಟು ತೇವ ಹೀರಿ ಜಿಗುಟಾಗಿರುತ್ತದೆ, ಓಡಿಸಿದರೆ ಪದರವೇ ಕಿತ್ತು ಬರುತ್ತದೆ. ಬಲ್ಲವರು ಅದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಒಣಗಿಸಿ ಆಮೇಲೆ ನುಡಿಸುತ್ತಾರೆ. ಟೇಪಿನ ಡಬ್ಬಿಯ ಮೇಲಿನ ಬರಹವೂ ಉಳಿಯಬೇಕು. ಜಾಜ್ ಗಾಯಕ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿನ ಕ್ವೀನ್ಸ್‌ನ ಮನೆಯಲ್ಲಿ ತಾವೇ ರೆಕಾರ್ಡ್ ಮಾಡಿದ ನೂರಾರು ಟೇಪುಗಳ ಡಬ್ಬಿಗಳಿಗೆ ಚಿತ್ರ ಕತ್ತರಿಸಿ ಅಂಟಿಸುತ್ತಿದ್ದರು. ಡಬ್ಬಿ ಬದಲಾಯಿಸಿದ್ದರೆ ಆ ಕೊಲಾಜ್‌ಗಳು ಹೋಗಿಬಿಡುತ್ತಿದ್ದವು.

ಪಟ್ಟಿ ಬರೆಯುವಾಗ ನಾನು ತುಂಬಾ ಹೊತ್ತು ಕೊಡುವುದು ಹೆಸರುಗಳಿಗೆ. ಎಷ್ಟೋ ಸಂಗೀತವನ್ನು ಶುದ್ಧಪ್ರತಿ ಮಾಡಿದ್ದು ಹೆಂಡತಿ, ಮಗಳು ಅಥವಾ ಶಿಷ್ಯೆ. ಹಳೇ ಪಟ್ಟಿಗಳಲ್ಲಿ ಅವರು ಅಪರಿಚಿತ ಕೈಬರಹ ಆಗಿಬಿಟ್ಟಿರುತ್ತಾರೆ. ಪತ್ರಗಳ ಅಕ್ಷರ ಪಕ್ಕದಲ್ಲಿಟ್ಟು ಹೋಲಿಸಿದರೆ ಕೆಲವು ಸಲ ಹೆಸರು ಸಿಗುತ್ತದೆ. ಸಿಕ್ಕರೆ ಅದನ್ನೂ ಸೇರಿಸುತ್ತೇನೆ.

ಕುಟುಂಬದವರಿಗೆ ಒಂದು ಮಾತು ಮೊದಲೇ ಹೇಳುತ್ತೇನೆ. ಕಾಗದ ಕೊಟ್ಟ ಮಾತ್ರಕ್ಕೆ ಕಾಪಿರೈಟ್ ಕೊಟ್ಟ ಹಾಗಲ್ಲ. ಅದನ್ನು ನೀವೇ ಇಟ್ಟುಕೊಳ್ಳಬಹುದು, ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಸಿ. ಹಕ್ಕು ಕಳೆದುಕೊಂಡು ಮೋಸಹೋದ ತಾತ, ಅಜ್ಜಿಯ ಕಥೆ ಅವರ ಮನೆಗಳಲ್ಲಿ ಬೇಕಾದಷ್ಟಿವೆ. ಮನೆಯ ಹಿರಿಯರು ಇರುವಾಗಲೇ ಫೋಟೋಗಳಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಡಿ ಎಂದೂ ಕೇಳಿಕೊಳ್ಳುತ್ತೇನೆ.