ಆರ್‌ಸಿ ಕಾರಿನ ಗೇರ್ ಬಿಸಿಯಾಗುತ್ತಿದೆಯೇ? ಮೊದಲು ಹಲ್ಲು ನೋಡಿ

ಪೆಟ್ರೋಲ್ ಅಥವಾ ನೈಟ್ರೋ ಇಂಧನದ ರಿಮೋಟ್ ಕಾರಿನಲ್ಲಿ ಸ್ಪರ್ ಗೇರ್ (ಎಂಜಿನ್‌ನ ಬಲವನ್ನು ಚಕ್ರಗಳ ಕಡೆಗೆ ದಾಟಿಸುವ ದೊಡ್ಡ ಹಲ್ಲಿನ ಚಕ್ರ) ಕರಗಿದರೆ ಹೆಚ್ಚಿನವರು ಹೊಸತೊಂದು ತಂದು ಹಾಕುತ್ತಾರೆ. ಅದೂ ಎರಡು ಟ್ಯಾಂಕ್ ಇಂಧನ ಮುಗಿಯುವುದರೊಳಗೆ ಕರಗಿತೆಂದರೆ ಉಕ್ಕಿನದ್ದು ಹಾಕಿಸುತ್ತಾರೆ. ಈಗ ಗೇರ್ ಉಳಿಯುತ್ತದೆ, ಕ್ಲಚ್ ಬೇರಿಂಗ್ ಅಥವಾ ಡಿಫರೆನ್ಷಿಯಲ್ (ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ, ಚಿಕ್ಕದಾಗಿ ಡಿಫ್) ಹೋಗುತ್ತದೆ. ಪ್ಲಾಸ್ಟಿಕ್ ಸ್ಪರ್ ಗೇರ್ ಮನೆಯ ಫ್ಯೂಸ್ ಇದ್ದ ಹಾಗೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಪ್ಪ ತಂತಿ ಹಾಕುವುದಲ್ಲ, ಎಲ್ಲಿ ಶಾರ್ಟ್ ಆಗಿದೆ ಎಂದು ಹುಡುಕಬೇಕು.

ಕರಾವಳಿಯ ಏಪ್ರಿಲ್–ಮೇ ಸೆಕೆಯನ್ನು ದೂರುವುದು ಸುಲಭ. ಆದರೆ ಲೆಕ್ಕ ಹಾಕಿ: ಸ್ಪರ್ ಗೇರ್ ಮಾಡುವ ಡೆಲ್ರಿನ್ ಪ್ಲಾಸ್ಟಿಕ್ ಕರಗುವುದು ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಲಾನ್ 66 ಸುಮಾರು 260 ಡಿಗ್ರಿಯಲ್ಲಿ. ಅದಕ್ಕಿಂತ ತುಂಬ ಮೊದಲೇ ಎರಡೂ ಮೆತ್ತಗಾಗುತ್ತವೆ, ನಿಜ. ಆದರೂ ಹೊರಗೆ 24 ಡಿಗ್ರಿಯ ಬದಲು 34 ಇದ್ದ ಮಾತ್ರಕ್ಕೆ ಹಲ್ಲು ಕರಗುವುದಿಲ್ಲ. ನಮ್ಮಲ್ಲಿ ಗೇರನ್ನು ಕೊಲ್ಲುವುದು ಪಣಂಬೂರು, ಮಲ್ಪೆಯಂಥ ಕಡಲತೀರದ ಹೊಯಿಗೆ, ಮುರಕಲ್ಲಿನ ಕೆಂಪು ಧೂಳು, ಬೇರಿಂಗ್‌ಗೆ ತುಕ್ಕು ಹಿಡಿಸುವ ಉಪ್ಪು ಗಾಳಿ.

ಹಲ್ಲು ಹೇಳುವ ಕಾರಣ

ಹಾಳಾದ ಗೇರನ್ನು ಎಸೆಯಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ.

ಹಲ್ಲಿನ ತುದಿ ಮಾತ್ರ ಕೆತ್ತಿಹೋಗಿದ್ದರೆ ಪಿನಿಯನ್ (ಸ್ಪರ್ ಅನ್ನು ತಿರುಗಿಸುವ, ಎಂಜಿನ್ ಬದಿಯ ಸಣ್ಣ ಗೇರ್) ಮತ್ತು ಸ್ಪರ್ ನಡುವಿನ ಸಂದು ಹೆಚ್ಚಾಗಿದೆ. ಹಲ್ಲಿನ ಬುಡ ಕನ್ನಡಿಯಂತೆ ಹೊಳೆಯುತ್ತಿದ್ದು ಸುತ್ತ ಪುಡಿ ಅಂಟಿದ್ದರೆ ಸಂದು ಸಾಲದು, ಎರಡೂ ಒತ್ತಿಕೊಂಡೇ ತಿರುಗಿವೆ. ಅಗಲದ ಒಂದು ಬದಿ ಮಾತ್ರ ಸವೆದಿದ್ದರೆ ಎಂಜಿನ್ ಓರೆಯಾಗಿ ಕೂತಿದೆ. ಒಂದೇ ಜಾಗದ ನಾಲ್ಕೈದು ಹಲ್ಲು ಹೋಗಿ ಉಳಿದವು ಚೆನ್ನಾಗಿದ್ದರೆ ಕಲ್ಲು ಸಿಕ್ಕಿರಬೇಕು. ಎಲ್ಲ ಹಲ್ಲೂ ಸಮವಾಗಿ ಮೆತ್ತಗಾಗಿ ಬಾಗಿದ್ದರೆ ಶಾಖ ಕ್ಲಚ್ ಬೆಲ್‌ನಿಂದ (ಕ್ಲಚ್ ಒಳಗಿನಿಂದ ಒತ್ತಿ ಹಿಡಿಯುವ ಲೋಹದ ಬಟ್ಟಲು) ಬಂದಿದೆ. ಹಲ್ಲು ಸರಿಯಿದ್ದು ನಡುವಿನ ಸ್ಕ್ರೂ ತೂತುಗಳ ಸುತ್ತ ಕರಗಿದ್ದರೆ ಬ್ರೇಕ್ ಡಿಸ್ಕ್ ಕಡೆ ನೋಡಿ. ಈ ಒಂದು ನೋಟದಿಂದಲೇ ಎಷ್ಟೋ ಬಾರಿ ಅರ್ಧ ಕೆಲಸ ಮುಗಿಯುತ್ತದೆ.

ಹಂತ 1: ಕೈಯಲ್ಲಿ ತಳ್ಳಿ

ಎಂಜಿನ್ ಪೂರ್ತಿ ತಣಿದ ಮೇಲೆ, ಸ್ಪರ್‌ಗೆ ಪಿನಿಯನ್ ತಾಗದಂತೆ ಎಂಜಿನ್ ಸರಿಸಿ, ಕಾರನ್ನು ನೆಲದ ಮೇಲೆ ತಳ್ಳಿ. ಸಲೀಸಾಗಿ ಉರುಳಬೇಕು. ತಡೆದರೆ ಒಂದೊಂದೇ ಚಕ್ರ ತಿರುಗಿಸಿ, ಕರಕರ ಎನ್ನುವ ಬೇರಿಂಗ್ ಹುಡುಕಿ. 1/8 (ನಿಜ ಕಾರಿನ ಎಂಟನೇ ಒಂದು ಅಳತೆಯ) ಬಗ್ಗಿಗಳಲ್ಲಿ ಸಾಮಾನ್ಯವಾಗಿ ಇರುವುದು 8×16×5 ಮಿ.ಮೀ. ಬೇರಿಂಗ್; ಬೇರಿಂಗ್ ಅಂಗಡಿಯಲ್ಲಿ 688 ಎಂದು ಕೇಳಿ, ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ತನ್ನಿ. ಹೊಯಿಗೆಯ ಊರಿಗೆ ತಗಡಿನ ಮುಚ್ಚಳದ್ದು ಬೇಡ.

ಬ್ರೇಕ್ ಡಿಸ್ಕನ್ನು ಬೆರಳಲ್ಲಿ ಅಲುಗಿಸಿ. ರಿಮೋಟ್ ನ್ಯೂಟ್ರಲ್‌ನಲ್ಲಿದ್ದಾಗ ಅದು ಪ್ಯಾಡ್‌ಗಳ ನಡುವೆ ಸಡಿಲವಾಗಿ ಆಡಬೇಕು. ಸರ್ವೋದ (ಬ್ರೇಕ್ ಎಳೆಯುವ ಪುಟ್ಟ ಮೋಟಾರಿನ) ಕಡ್ಡಿ ಸ್ವಲ್ಪ ಎಳೆದುಕೊಂಡಿದ್ದರೂ ಡಿಸ್ಕ್ ಇಡೀ ಹೊತ್ತು ಉಜ್ಜುತ್ತದೆ. ಡಿಸ್ಕ್ ಸೆಂಟರ್ ಡಿಫ್‌ನ ಪಕ್ಕದಲ್ಲೇ ಇರುವುದರಿಂದ ಆ ಶಾಖ ಸ್ಪರ್‌ನ ನಡುಭಾಗಕ್ಕೆ ಇಳಿಯುತ್ತದೆ.

ಹಂತ 2: ಕಾಗದದಿಂದ ಸಂದು ಹೊಂದಿಸಿ

ಕಾರಿನ ತಳದಲ್ಲಿ ಎಂಜಿನ್ ಹಿಡಿದ ನಾಲ್ಕು ಸ್ಕ್ರೂ ಸಡಿಲಿಸಿ. ನೋಟ್‌ಬುಕ್ಕಿನ ಹಾಳೆಯಿಂದ 1 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ ಎರಡು ಗೇರ್‌ಗಳ ನಡುವೆ ಇಡಿ. ಎಂಜಿನನ್ನು ಸ್ಪರ್‌ಗೆ ಒತ್ತಿ ಹಿಡಿದು ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ನಂತರ ಸ್ಪರ್ ತಿರುಗಿಸಿ ಕಾಗದ ಹೊರತೆಗೆಯಿರಿ. ಕಾಗದ ಹರಿಯದೆ ಮಡಿಕೆ ಮಡಿಕೆಯಾಗಿ ಬಂದರೆ ಸರಿ. ಹರಿದು ತುಂಡಾಗಿದ್ದರೆ ಬಿಗಿ ಜಾಸ್ತಿ. 1/5 ಪೆಟ್ರೋಲ್ ಕಾರಿನ ಹಲ್ಲು ದೊಡ್ಡದು, ಅಲ್ಲಿ ಕಾಗದ ಎರಡು ಪದರ ಇರಲಿ.

ಹಲವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದಿಲ್ಲ. ಕಾಲು ಸುತ್ತು ತಿರುಗಿಸಿ ತಿರುಗಿಸಿ ನಾಲ್ಕು ಕಡೆ ಪರೀಕ್ಷಿಸಿ, ಅತಿ ಬಿಗಿಯಾದ ಜಾಗ ಗುರುತಿಸಿ, ಅಲ್ಲಿಗೇ ಕಾಗದ ಇಟ್ಟು ಹೊಂದಿಸಿ. ಪಿನಿಯನ್ ಹಿಡಿದು ಸ್ಪರ್ ಅಲುಗಿಸಿದಾಗ ಸಣ್ಣಗೆ ಟಿಕ್ ಎನ್ನಬೇಕು. ಕಾದಾಗ ಎಂಜಿನ್, ಚಾಸಿ, ಗೇರ್ ಎಲ್ಲವೂ ಹಿಗ್ಗುತ್ತವೆ. ತಣ್ಣಗಿರುವಾಗಲೇ ಸಂದಿಲ್ಲದಿದ್ದರೆ ಓಡುವಾಗ ಹಲ್ಲು ಹಲ್ಲನ್ನು ಅರೆಯುತ್ತದೆ.

ಹೊಂದಿಸಿದ ಸಂದು ಉಳಿಯಬೇಕಾದರೆ ಸ್ಕ್ರೂ ಸಡಿಲಾಗಬಾರದು. ಒಂದೊಂದನ್ನೇ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎಣ್ಣೆ ಒರೆಸಿ, ನೀಲಿ ಥ್ರೆಡ್ ಲಾಕ್ ಒಂದು ಹನಿ ಹಾಕಿ ಬಿಗಿ ಮಾಡಿ, ಒಂದು ದಿನ ಬಿಡಿ. ಕೆಂಪು ಬಣ್ಣದ್ದು ಬೇಡ, ಮುಂದೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗೆ ಯಾವುದನ್ನೂ ಹಾಕಬಾರದು. ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ.

ಹಂತ 3: ಕ್ಲಚ್ ಜಾರುತ್ತಿದೆಯೇ?

ಶಾಖದ ದೊಡ್ಡ ಕಾರ್ಖಾನೆ ಇದು. ಕ್ಲಚ್ ಬೆಲ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಬೇರೆ ಸಾಕ್ಷಿ ಬೇಡ. ಪಿನಿಯನ್ ಬೆಲ್‌ನ ಭಾಗವೇ ಆದ್ದರಿಂದ ಅಲ್ಲಿನ ಶಾಖ ನೇರ ಸ್ಪರ್ ಹಲ್ಲಿಗೆ ಹೋಗುತ್ತದೆ.

ಐಡಲ್‌ನಲ್ಲಿ ಕಾರು ಮುಂದೆ ತೆವಳಬಾರದು. ತೆವಳಿದರೆ ಮೊದಲು ಐಡಲ್ ಇಳಿಸಿ. ಆಗಲೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ, ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಬಳಿಕ ಬೆಲ್ ಹಿಡಿದು ಅಲುಗಿಸಿ. ಅಡ್ಡಡ್ಡ ಒಲೆದರೆ ಒಳಗಿನ ಬೇರಿಂಗ್ ಹೋಗಿದೆ. 1/8 ನೈಟ್ರೋದಲ್ಲಿ ಅವು ಹೆಚ್ಚಾಗಿ 5×10×4 ಮಿ.ಮೀ. ಕಾರು ನಿಂತು ಎಂಜಿನ್ ಓಡುತ್ತಿರುವಾಗ ಶಾಫ್ಟ್ ತಿರುಗುತ್ತದೆ, ಬೆಲ್ ನಿಂತಿರುತ್ತದೆ. ಹಾಗಾಗಿ ಈ ಪುಟ್ಟ ಬೇರಿಂಗ್‌ಗೆ ಐಡಲ್‌ನಲ್ಲೂ ಬಿಡುವಿಲ್ಲ. ಎರಡು-ಮೂರು ಲೀಟರ್ ಇಂಧನಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ಹೊಸ ಸ್ಪರ್‌ಗಿಂತ ಅಗ್ಗ. ಪೆಟ್ರೋಲ್ ಕಾರಿನಲ್ಲಿ ಬೆಲ್‌ಗೆ ಪ್ರತ್ಯೇಕ ಹೌಸಿಂಗ್ ಉಂಟು. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಓದಿಕೊಂಡು ಹೋಗಿ.

ಓಡಿಸುವ ಕ್ರಮವೂ ಮುಖ್ಯ. ಹುಲ್ಲಿನಲ್ಲಿ, ಏರಿನಲ್ಲಿ ಕಾಲು ಭಾಗ ಥ್ರಾಟಲ್ ಕೊಟ್ಟು ನಿಧಾನ ತೆವಳಿಸುವುದು ಆಗುಂಬೆ ಘಾಟಿಯನ್ನು ಹಾಫ್ ಕ್ಲಚ್‌ನಲ್ಲಿ ಹತ್ತಿಸಿದ ಹಾಗೆ. ಥ್ರಾಟಲ್ ಕೊಟ್ಟು ಕ್ಲಚ್ ಪೂರ್ತಿ ಹಿಡಿಯಲು ಬಿಡಿ.

ಹಂತ 4: ಅನುಪಾತ

ಸ್ಪರ್‌ನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ. 46ಕ್ಕೆ 13 ಇದ್ದರೆ 3.54, 46ಕ್ಕೆ 14 ಇದ್ದರೆ 3.29. ಸಂಖ್ಯೆ ಇಳಿದಷ್ಟೂ ಮೇಲಿನ ವೇಗ ಹೆಚ್ಚು, ಕ್ಲಚ್ ಹಿಡಿಯಲು ತಗಲುವ ಹೊತ್ತೂ ಹೆಚ್ಚು. ಹೊಯಿಗೆಯಲ್ಲಿ ಓಡಿಸುವವರು ಪಿನಿಯನ್‌ನಲ್ಲಿ ಒಂದು ಹಲ್ಲು ಇಳಿಸಲಿ. ಟಯರ್ ಬದಲಿಸಿದಾಗಲೂ ಈ ಲೆಕ್ಕ ಮರೆಯಬಾರದು: 115 ಮಿ.ಮೀ. ಟಯರ್ ತೆಗೆದು 130 ಮಿ.ಮೀ.ನದು ಹಾಕಿದರೆ 3.54 ಇದ್ದದ್ದು 3.13 ಇದ್ದ ಹಾಗೆ ಆಗುತ್ತದೆ, ಅಂದರೆ 14 ಹಲ್ಲಿನ ಪಿನಿಯನ್‌ಗಿಂತಲೂ ಭಾರ. ಪಿನಿಯನ್ ಬದಲಿಸಿದರೆ ಎರಡನೇ ಹಂತ ಮತ್ತೆ ಮೊದಲಿನಿಂದ.

ಹಂತ 5: ಡಿಫ್ ಮತ್ತು ಗ್ರೀಸ್

1/8 ಬಗ್ಗಿಗೆ ಮುಂದೆ 5,000, ನಡುವೆ 7,000, ಹಿಂದೆ 3,000 ಸಿಎಸ್‌ಟಿ (ಎಣ್ಣೆಯ ದಪ್ಪದ ಅಳತೆ) ಸಿಲಿಕೋನ್ ಎಣ್ಣೆ ಒಳ್ಳೆಯ ಆರಂಭ. ಒಳಗಿನ ಅಡ್ಡ ಪಿನ್ ಮುಳುಗುವಷ್ಟು ಮಾತ್ರ ಹಾಕಿ. ಕಂಠಪೂರ್ತಿ ತುಂಬಿದರೆ ಎಣ್ಣೆ ಹಿಗ್ಗಿ ಸೀಲ್ ದಾಟಿ ಬರುತ್ತದೆ, ಆಮೇಲೆ ಒಣ ಗೇರ್ ಕಾಯುತ್ತದೆ. ರಿಂಗ್ ಗೇರ್ ಬಿಗಿಯಾಗಿದ್ದರೆ 0.1 ಮಿ.ಮೀ. ಶಿಮ್ (ತೆಳು ವಾಷರ್) ಒಂದನ್ನು ಆ ಬದಿಯಿಂದ ಈ ಬದಿಗೆ ಹಾಕಿ ನೋಡಿ.

ತೆರೆದ ಸ್ಪರ್‌ಗೆ ಗ್ರೀಸ್ ಹಚ್ಚಲೇಬೇಡಿ. ಹೊಯಿಗೆಯ ಕಣ ಉಕ್ಕಿಗಿಂತ ಗಟ್ಟಿ; ಗ್ರೀಸ್‌ನಲ್ಲಿ ಅಂಟಿತೆಂದರೆ ಅದು ಅರೆಯುವ ಪೇಸ್ಟ್ ಆಗುತ್ತದೆ. ಉಕ್ಕಿಗೆ ಉಕ್ಕು ತಾಗುವ, ಪೂರ್ತಿ ಮುಚ್ಚಿದ ಗೇರ್‌ಬಾಕ್ಸ್‌ಗೆ ಮಾತ್ರ ತೆಳುವಾಗಿ ಮಾಲಿಬ್ಡಿನಮ್ ಗ್ರೀಸ್ ಸಾಕು. ಗೇರ್ ಕವರ್‌ಗೆ ಗಾಳಿಗೆಂದು ತೂತು ಕೊರೆಯುವುದೂ ಬೇಡ, ಅದೇ ದಾರಿಯಲ್ಲಿ ಹೊಯಿಗೆ ಬರುತ್ತದೆ. ತೂತು ಬೇಕಿದ್ದರೆ ಮೇಲಿನ ಬಾಡಿಯ ಹಿಂಭಾಗದಲ್ಲಿ ಕತ್ತರಿಸಿ.

ಹಂತ 6: ಅಳೆಯಿರಿ

ಇನ್ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕ್ಲಚ್ ಬೆಲ್ ಮೇಲೆ ಶಾಖ ತಡೆಯುವ ಕಪ್ಪು ಬಣ್ಣದ ಚುಕ್ಕೆ ಹಾಕಿ, ಅಲ್ಲಿಗೇ ಹಿಡಿಯಿರಿ. ಐದು ನಿಮಿಷ ಓಡಿಸಿ, ಎಂಜಿನ್ ನಿಲ್ಲಿಸಿ, ಎಂಜಿನ್ ಹೆಡ್, ಬೆಲ್, ಮೂರೂ ಡಿಫ್ ಅಳೆದು ಬರೆದಿಡಿ. ನೈಟ್ರೋ ಹೆಡ್ 100ರಿಂದ 120 ಡಿಗ್ರಿ ಇದ್ದರೆ ಆತಂಕವಿಲ್ಲ. ಡಿಫ್ ಕವಚದ ಮೇಲೆ ಬೆರಳು ಒಂದೆರಡು ಸೆಕೆಂಡಿಗಿಂತ ಹೆಚ್ಚು ನಿಲ್ಲದಿದ್ದರೆ 60 ಡಿಗ್ರಿಯ ಆಸುಪಾಸು ಅಥವಾ ಮೇಲೆ, ಬಿಚ್ಚಿ ನೋಡಲೇಬೇಕು.

ನೈಟ್ರೋದ 125 ಸಿಸಿ ಟ್ಯಾಂಕ್ ಹತ್ತು ನಿಮಿಷದೊಳಗೆ ಬರಿದಾಗುವುದರಿಂದ ಗೇರ್‌ಗೆ ತಾನಾಗಿಯೇ ವಿರಾಮ ಸಿಗುತ್ತದೆ. ಪೆಟ್ರೋಲ್ ಕಾರು ಒಂದೇ ಟ್ಯಾಂಕಿನಲ್ಲಿ ಅರ್ಧ ಗಂಟೆಗೂ ಮಿಕ್ಕಿ ಓಡುತ್ತದೆ. ಅಲ್ಲಿ 15 ನಿಮಿಷಕ್ಕೊಮ್ಮೆ ನಾವೇ ನಿಲ್ಲಿಸಬೇಕು.

ಕೊಯ್ಲು ಮುಗಿದ ಬಾಕಿಮಾರು ಗದ್ದೆಯಲ್ಲಿ ಓಡಿಸಿದರೆ ಒಣ ಬ್ರಷ್ ಸಾಕು. ಕಡಲತೀರದಿಂದ ಬಂದ ದಿನ ಮಾತ್ರ ಹೊಯಿಗೆ ಉದುರಿಸಿ, ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಬೇರಿಂಗ್‌ಗಳಿಗೆ ನೀರು ಹೊರದೂಡುವ ಸ್ಪ್ರೇ ಹೊಡೆದು, ಒಣಗಿದ ಮೇಲೆ ತೆಳು ಎಣ್ಣೆ ಒಂದೊಂದು ಹನಿ ಬಿಡಿ. ಆಟಿಯ (ಜುಲೈ–ಆಗಸ್ಟ್) ಮಳೆಗೆ ಕಾರು ಮೂಲೆ ಸೇರುವಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಮತ್ತೆ ಹೊರತೆಗೆದ ದಿನ ಎಂಜಿನ್ ಚಾಲೂ ಮಾಡುವ ಮೊದಲು ಒಂದನೇ ಹಂತದಂತೆ ಕೈಯಲ್ಲಿ ತಳ್ಳಿ ನೋಡಿ.