ಮೀನು ಅಂಗಡಿಯ ಬಕೆಟ್, ನನ್ನ ಹಿತ್ತಲ ಗಿಡ

ಮೂಡಿಗೆರೆಯ ಮೀನು ಅಂಗಡಿಯ ಮುಂದೆ ನಿಂತು ಮೊದಲ ಸಲ ಕೇಳಿದೆ: "ಅಣ್ಣಾ, ಕ್ಲೀನ್ ಮಾಡಿದ ಮೇಲೆ ಉಳಿಯುತ್ತಲ್ಲ, ಆ ತಲೆ, ಕರುಳು ನನಗೆ ಕೊಡ್ತೀರಾ?" "ಬೆಕ್ಕಿಗಾ ಅಕ್ಕಾ?" ಅಂದರು. ಬದನೆ ಗಿಡದ ಗೊಬ್ಬರಕ್ಕೆ ಅಂದೆ. ಕವರಿಗೆ ಎರಡು ಹಿಡಿ ಹಾಕಿ ಕೊಟ್ಟರು. ಅಷ್ಟು ಯಾವ ಮೂಲೆಗೂ ಸಾಲದು. ವಾರಕ್ಕೆ ಹತ್ತು ಕೆಜಿಯಾದರೂ ನನಗೆ ಬೇಕಿತ್ತು.

ಅವರ ಕಷ್ಟ ಏನು ಅಂತ ನಾಲ್ಕಾರು ಸಲ ಹೋದ ಮೇಲೆ ತಿಳಿಯಿತು. ಸಂಜೆ ಅಂಗಡಿ ತೊಳೆಯುವ ಹೊತ್ತಿಗೆ ಆ ಕಸ ಅಲ್ಲಿಂದ ಹೋಗಿರಬೇಕು. ಇಲ್ಲದಿದ್ದರೆ ನಾತ, ನೊಣ, ನಾಯಿ. ಹಂದಿ ಸಾಕುವವರೊಬ್ಬರು ಬಂದು ಒಯ್ಯುತ್ತಿದ್ದರು, ಆದರೆ ಭಾನುವಾರ ಮತ್ತು ಬುಧವಾರ ಅವರು ಬರುತ್ತಿರಲಿಲ್ಲ. ಭಾನುವಾರ ವ್ಯಾಪಾರವೇ ಜಾಸ್ತಿ, ಕಸವೂ ಜಾಸ್ತಿ. ಆ ಎರಡು ದಿನ ನಾನು ಒಯ್ಯುತ್ತೇನೆ ಅಂದೆ. ಕೂಡಲೇ ಒಪ್ಪಿದರು. ದುಡ್ಡು ಕೇಳಲಿಲ್ಲ.

ಮುಚ್ಚಳ ಇರುವ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಎರಡು ಇಟ್ಟುಕೊಂಡೆ. ಒಂದನ್ನು ಬೆಳಿಗ್ಗೆ ಅಂಗಡಿಯಲ್ಲಿ ಖಾಲಿ ಇಟ್ಟು ಬರುವುದು, ಸಂಜೆ ಏಳಕ್ಕೆ ತುಂಬಿದ್ದನ್ನು ತಂದು ತೊಳೆದ ಇನ್ನೊಂದನ್ನು ಕೊಡುವುದು. ತಳದಲ್ಲಿ ನಾಲ್ಕು ಬೆರಳು ಒಣ ಕಾಫಿ ಸಿಪ್ಪೆ ಹಾಕಿದರೆ ನೀರು ಹೀರಿಕೊಳ್ಳುತ್ತದೆ, ಸ್ಕೂಟರಿನಲ್ಲಿ ತರುವಾಗ ತುಳುಕುವುದಿಲ್ಲ. ಐಸ್ ನೀರು, ಪ್ಲಾಸ್ಟಿಕ್ ಕವರು ಬೇಡ ಅಂತ ಮೊದಲೇ ಹೇಳಿದ್ದೆ. ಒಣಮೀನಿನ ಚೂರೂ ಬೇಡ ಅಂದಿದ್ದೆ, ಅದರ ಉಪ್ಪು ಬೇರಿಗೆ ಆಗುವುದಿಲ್ಲ.

ಒಂದು ಭಾನುವಾರ ನೆಂಟರು ಬಂದರು ಅಂತ ಹೋಗಲಿಲ್ಲ, ಹೇಳಿಯೂ ಇರಲಿಲ್ಲ. ರಾತ್ರಿ ಇಡೀ ಕಸ ಅವರ ಅಂಗಡಿಯಲ್ಲೇ ಉಳಿಯಿತು. ಮುಂದಿನ ಎರಡು ವಾರ ನನಗೆ ಸಿಗಲಿಲ್ಲ. ಅವರು ಮಾಡಿದ್ದು ಸರಿಯೇ. ಈಗ ಮಳೆ ಸುರಿದರೂ ಹೋಗುತ್ತೇನೆ, ಆಗದಿದ್ದರೆ ಮಧ್ಯಾಹ್ನವೇ ಫೋನ್ ಮಾಡುತ್ತೇನೆ.

ಅಂಜಲ್ ಮೀನಿನ ತಲೆ ನಮ್ಮ ಪಾಲಿಗೆ ಬರುವುದಿಲ್ಲ, ಅದು ಸಾರು ಮಾಡಲು ಹೋಗುತ್ತದೆ. ಸಿಗುವುದೆಲ್ಲ ಬೂತಾಯಿ, ಬಂಗುಡೆಯ ತಲೆ ಮತ್ತು ಕರುಳು. ಗೊಬ್ಬರಕ್ಕೆ ಅವೇ ಒಳ್ಳೆಯವು, ಮೆತ್ತಗಿರುವುದರಿಂದ ಬೇಗ ಕೊಳೆಯುತ್ತವೆ.

ತಂದ ದಿನವೇ ಕೆಲಸ ಮುಗಿಸಬೇಕು. ಅರ್ಧವನ್ನು ಡ್ರಮ್ಮಿಗೆ ಹಾಕಿ ಅಷ್ಟೇ ತೂಕದ ಪುಡಿ ಬೆಲ್ಲ ಕಲಸುತ್ತೇನೆ. ಮೊದಲ ಸಲ ದುಡ್ಡು ಉಳಿಸಲು ಬೆಲ್ಲ ಅರ್ಧ ಮಾಡಿದೆ, ಹುಳ ಬಿದ್ದು ಎಲ್ಲ ಎಸೆಯಬೇಕಾಯಿತು. ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಬೇಕು. ಬಿಗಿಯಾಗಿ ಮುಚ್ಚಿದರೆ ಗ್ಯಾಸ್ ತುಂಬುತ್ತದೆ. ಒಂದು ತಿಂಗಳಿಗೆ ನಾತ ಇಳಿದು ಹುಳಿ-ಸಿಹಿ ವಾಸನೆ ಬರುತ್ತದೆ. ಸೋಸಿ, ಲೀಟರ್ ನೀರಿಗೆ ಐದು ಎಂಎಲ್ ಹಾಕಿ ಸಂಜೆ ಎಲೆಗೆ ಹೊಡೆಯುತ್ತೇನೆ. ಬದನೆ, ಮೆಣಸಿನ ಗಿಡದ ಹೊಸ ಎಲೆಯ ಹಸಿರು ನೋಡಿದರೆ ಪಟ್ಟ ಕಷ್ಟ ಮರೆತುಹೋಗುತ್ತದೆ.

ಉಳಿದ ಅರ್ಧ ಬಾಳೆ, ಅಡಿಕೆಯ ಪಕ್ಕದ ಗುಂಡಿಗೆ. ಅರ್ಧ ಅಡಿ ಮಾತ್ರ ತೋಡಿದ್ದಾಗ ನಾಯಿಗಳು ಎಳೆದು ಪಕ್ಕದ ಮನೆಯ ಅಂಗಳದಲ್ಲಿ ಹರಡಿದ್ದವು. ಅವರ ಅಂಗಳ ನಾನೇ ತೊಳೆದುಕೊಟ್ಟೆ. ಈಗ ಎರಡು ಅಡಿ ತೋಡಿ, ಮೇಲೆ ದರಗು (ಒಣ ಎಲೆ), ಮಣ್ಣು, ಕಲ್ಲು ಚಪ್ಪಡಿ. ಕಾಡುಹಂದಿ ಓಡಾಡುವ ತೋಟವಾದರೆ ಗುಂಡಿಯೇ ಬೇಡ, ಡ್ರಮ್ ಮಾತ್ರ ಸಾಕು.

ವರ್ಷವಿಡೀ ಸಿಗುತ್ತದೆ ಅಂದುಕೊಳ್ಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಜೊತೆಗೆ ಕರಾವಳಿಯಿಂದ ಬರುವ ದಾರಿಯ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮೀನಿನ ಗಾಡಿಯೇ ಬರುವುದಿಲ್ಲ. ಬೋಟು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಶ್ರಾವಣ, ಮೀನು ಕೊಳ್ಳುವವರು ಕಮ್ಮಿ. ಅದಕ್ಕೇ ಮೇ ತಿಂಗಳಲ್ಲೇ ಎರಡು ಡ್ರಮ್ ತುಂಬಿಸಿಡುತ್ತೇನೆ. ಗಣೇಶನ ಹಬ್ಬ ಕಳೆದ ಮೇಲೆ ಬಕೆಟ್ ತೊಳೆದು ಮತ್ತೆ ಅಂಗಡಿಗೆ ಒಯ್ಯುತ್ತೇನೆ.