ನಗಿಸುತ್ತಾ ಕಲಿಸಿ ಅರಬ್ಬಿ ನೆಂಟಸ್ತಿಕೆ

ಅರಬ್ಬಿ ಕಲಿಯಲು ಬರುವ ನಮ್ಮವರಲ್ಲಿ ಎರಡು ಥರದವರು ಜಾಸ್ತಿ. ಮದ್ರಸಾದಲ್ಲಿ ಓದಿ ವ್ಯಾಕರಣ ಗಟ್ಟಿ ಮಾಡಿಕೊಂಡವರು ಒಂದು ಕಡೆ, ಗಲ್ಫ್‌ಗೆ ಕೆಲಸಕ್ಕೆ ಹೊರಟವರು ಇನ್ನೊಂದು ಕಡೆ. ಅರಬ್ಬರು ಮನೆ ಮಾತು ತೆಗೆದರೆ ಇಬ್ಬರೂ ತಡವರಿಸುತ್ತಾರೆ. ಯಾರು ಯಾರಿಗೆ ಏನಾಗಬೇಕು ಅನ್ನೋದೇ ತಿಳಿಯುವುದಿಲ್ಲ. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಮೇಲೆ ಅದು ಉಳಿಯುವುದಿಲ್ಲ.

ಹಾಸ್ಯದಿಂದ ಕಲಿಸಿ ನೋಡಿ. ಮದುವೆ ಮನೆಯ ಹಾಸ್ಯದಲ್ಲಿ ನಗು ಬರುವುದು ಯಾರೋ ಆಡಬಾರದ ಮಾತನ್ನು ಆಡಬಾರದವರ ಮುಂದೆ ಆಡಿದಾಗ. ಆ ಕಟ್ಟು ಗೊತ್ತಿದ್ದವರಿಗೆ ಮಾತ್ರ ನಗು ಬರುತ್ತದೆ. ಹಾಗಾಗಿ ತರಗತಿ ಸರಿಯಾದ ಕಡೆ ನಕ್ಕರೆ ಪಾಠ ತಲೆಗೆ ಹತ್ತಿದೆ ಅಂತಲೇ ಲೆಕ್ಕ.

ಮೊದಲು ನೆಂಟರ ನಕ್ಷೆ

ಬೋರ್ಡಿನ ಮೇಲೆ ಒಂದು ಮನೆತನ ಬರೆಯಿರಿ. ಅಜ್ಜ, ಅಜ್ಜಿ, ಅವರ ಮಕ್ಕಳು, ಸೊಸೆಯಂದಿರು, ಅಳಿಯಂದಿರು. ದಯವಿಟ್ಟು ಇಂಗ್ಲಿಷ್ ಮೂಲಕ ಹೋಗಬೇಡಿ. ಅಲ್ಲಿ ಎಲ್ಲರೂ ಅಂಕಲ್, ಎಲ್ಲರೂ ಆಂಟಿ. ಅರಬ್ಬಿಯಲ್ಲಿ ತಂದೆಯ ಅಣ್ಣತಮ್ಮಂದಿರು ಅಮ್ಮ್, ತಾಯಿಯ ಅಣ್ಣತಮ್ಮಂದಿರು ಖಾಲ್. ತಂದೆಯ ಅಕ್ಕತಂಗಿಯರು ಅಮ್ಮಾ, ತಾಯಿಯ ಅಕ್ಕತಂಗಿಯರು ಖಾಲಾ. ಸೋದರತ್ತೆ 'ಅಮ್ಮಾ' ಆದಳು ಅಂದಾಗಲೇ ಕನ್ನಡದ ಮಕ್ಕಳು ನಗುತ್ತಾರೆ, ನಗಲಿ. ಷಡ್ಡಕನಿಗೆ ಅದೀಲ್, ಓರಗಿತ್ತಿಗೆ ಸಿಲ್ಫಾ, ಸವತಿಗೆ ದರ್ರಾ ಅಂತ ಬೇರೆ ಬೇರೆ ಹೆಸರುಗಳಿವೆ. ಇದರಲ್ಲಿ ನಮ್ಮವರಿಗೆ ಹೊಸತೇನೂ ಇಲ್ಲ.

ಹೊಸತಿರುವುದು ಯಾರು ಯಾರನ್ನು ಮದುವೆಯಾಗಬಹುದು ಅನ್ನುವಲ್ಲಿ. ಇಲ್ಲಿ ಸಾವಕಾಶವಾಗಿ ನಿಲ್ಲಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಚಿಕ್ಕಪ್ಪನ ಮಗಳು ತಂಗಿ, ಮಾತು ಅಲ್ಲಿಗೆ ಮುಗಿಯಿತು. ಅರಬ್ಬರಲ್ಲಿ ಅದೇ ಚಿಕ್ಕಪ್ಪನ ಮಗಳು, ಬಿಂತ್ ಅಮ್ಮ್, ಹಿಂದಿನಿಂದ ಬಂದ ಮೊದಲ ಸಂಬಂಧ. ಬೇರೆಯವನ ಜೊತೆ ಮದುವೆಗೆ ಹೊರಟ ಮದುಮಗಳನ್ನೂ ಕುದುರೆ ಮೇಲಿಂದ ಇಳಿಸುವ ಹಕ್ಕು ಚಿಕ್ಕಪ್ಪನ ಮಗನಿಗೆ ಇದೆ ಅಂತ ಪ್ಯಾಲೆಸ್ತೀನಿನಲ್ಲಿ ಗಾದೆ. ಇನ್ನು ನಮ್ಮ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದುಂಟು. ಇಸ್ಲಾಂನಲ್ಲಿ ಅದು ನಿಷಿದ್ಧ. 'ಅಲ್-ಖಾಲ್ ವಾಲಿದ್' ಅನ್ನುತ್ತಾರೆ, ಅಂದರೆ ಸೋದರಮಾವ ಅಪ್ಪನ ಸಮಾನ. ತರಗತಿಯಲ್ಲಿ ಬ್ಯಾರಿ ಅಥವಾ ನವಾಯತ ಮುಸ್ಲಿಂ ಮನೆಯ ಮಕ್ಕಳಿದ್ದರೆ ಇದನ್ನು ಅವರ ಬಾಯಿಂದಲೇ ಹೇಳಿಸಿ. ಇದು ಗೊತ್ತಿಲ್ಲದೆ ಅರಬ್ಬಿ ಹಾಸ್ಯ ನೋಡಿದರೆ ಅರ್ಧ ಮಾತು ಮೇಲೆಯೇ ಹಾರಿಹೋಗುತ್ತದೆ.

ಆಮೇಲೆ ಜುಹಾ

ವಿಡಿಯೋಗೆ ಹೋಗುವ ಮುಂಚೆ ಅರಬ್ ಜನಪದ ಕಥೆಗಳ ಹಾಸ್ಯಗಾರ ಜುಹಾನ ಒಂದು ಕಥೆ ಹೇಳಿ. ವಾಕ್ಯ ಚಿಕ್ಕದು, ಪದ ಸುಲಭ. ಜುಹಾಗೆ ಇಬ್ಬರು ಹೆಂಡತಿಯರು. ನಾವಿಬ್ಬರೂ ಹೊಳೆಗೆ ಬಿದ್ದರೆ ಯಾರನ್ನು ಮೊದಲು ಎತ್ತುತ್ತೀಯಾ ಅಂತ ಕೇಳುತ್ತಾರೆ. ಜುಹಾ ಹಿರಿಯವಳ ಕಡೆ ತಿರುಗಿ, "ನಿನಗೆ ಸ್ವಲ್ಪ ಈಜು ಬರುತ್ತೆ ಅಲ್ವಾ?" ಅನ್ನುತ್ತಾನೆ.

ಅರಬ್ಬಿಯ ದ್ವಿವಚನ ಕಲಿಸಲು ಇದಕ್ಕಿಂತ ಒಳ್ಳೆ ಕಥೆ ಬೇಕಾ? ಹೆಂಡತಿಯರು ಇಬ್ಬರು, ಹಾಗಾಗಿ ಕ್ರಿಯಾಪದ, ಸರ್ವನಾಮ ಎಲ್ಲ ದ್ವಿವಚನದಲ್ಲೇ ಬರಬೇಕು. ಕಥೆ ಮುಗಿದ ಮೇಲೆ ಕೇಳಿ: ಜುಹಾ ನೇರವಾಗಿ ಯಾಕೆ ಉತ್ತರ ಕೊಡಲಿಲ್ಲ? ಇಬ್ಬರನ್ನೂ ಸಮನಾಗಿ ನೋಡಿಕೊಳ್ಳಬೇಕು ಅನ್ನುವ ಧರ್ಮದ ಕಟ್ಟಳೆ ಹಿಂದೆ ನಿಂತಿದೆ. ಆ ಕಟ್ಟಳೆ ಗೊತ್ತಾದ ಮೇಲೆ ಕಥೆ ಇನ್ನೊಮ್ಮೆ ಹೇಳಿ. ಎರಡನೇ ಸಲ ನಗು ಜೋರಾಗುತ್ತದೆ.

ಹೆಣ್ಣು ನೋಡುವ ಕೋಣೆಗೆ

ಈಗ ಈಜಿಪ್ಟ್. ಅಲ್ಲಿನ ಸಿನಿಮಾಗಳಿಂದಾಗಿ ಆ ಆಡುಮಾತು ಅರಬ್ ನಾಡಿನ ಉದ್ದಗಲಕ್ಕೂ ಅರ್ಥವಾಗುತ್ತದೆ. ಹಿರಿಯರು ಕೂಡಿಸುವ ಮದುವೆಗೆ ಅಲ್ಲಿ 'ಗವಾಜ್ ಸಾಲೋನಾತ್' ಅನ್ನುತ್ತಾರೆ. ಹುಡುಗನ ಕಡೆಯವರು ಬಂದು ಹಜಾರದಲ್ಲಿ ಕೂರುತ್ತಾರೆ, ಹುಡುಗಿ ಟ್ರೇ ಹಿಡಿದು ಬರುತ್ತಾಳೆ. ಉಪ್ಪಿಟ್ಟು-ಕೇಸರಿಬಾತ್ ಒಂದು ಇಲ್ಲ, ಅಷ್ಟೇ. 2010ರ ರಂಜಾನ್‌ನಲ್ಲಿ ಬಂದ 'ಆಯ್ಝಾ ಅತ್ಗವ್ವಿಝ್' (ನನಗೆ ಮದುವೆಯಾಗಬೇಕು) ಧಾರಾವಾಹಿ ಇದಕ್ಕೆ ಹೇಳಿ ಮಾಡಿಸಿದ್ದು. ಹಿಂದ್ ಸಬ್ರಿ ಅದರ ನಾಯಕಿ. ಒಬ್ಬ ಫಾರ್ಮಸಿಸ್ಟ್ ಹುಡುಗಿಯನ್ನು ನೋಡಲು ಒಬ್ಬರ ಹಿಂದೆ ಒಬ್ಬರು ವರ ಬರುತ್ತಾರೆ. ಕಥೆಯೆಲ್ಲ ಹುಡುಗಿಯ ಕಣ್ಣಿಂದ. ಅದಕ್ಕೇ ನನಗೆ ಇಷ್ಟ.

ಮೂರು ನಿಮಿಷದ ತುಣುಕು ಸಾಕು. ಮೊದಲು ಸದ್ದು ತೆಗೆದು ತೋರಿಸಿ. ಯಾರು ಮೊದಲು ಕೂತರು, ಯಾರು ಮಾತು ಶುರು ಮಾಡಿದರು, ಹುಡುಗಿ ಯಾರ ಮುಖ ನೋಡಿದಳು ಅಂತ ಗಮನಿಸಿ, ನಕ್ಷೆಯ ಮೇಲೆ ಅಮ್ಮ್, ಖಾಲಾ, ಹಮಾತ್ (ಅತ್ತೆ) ಯಾರು ಅಂತ ಅವರೇ ಗುರುತು ಹಾಕಲಿ. ಎರಡನೇ ಸಲ ಸದ್ದಿನ ಜೊತೆ. ಮೂರನೇ ಸಲ ನಗುವಿನ ಮಾತಿಗೆ ಸರಿಯಾಗಿ ಮುಂಚೆ ನಿಲ್ಲಿಸಿ, "ಈಗ ಏನನ್ನುತ್ತಾಳೆ?" ಅಂತ ಅರಬ್ಬಿಯಲ್ಲೇ ಹೇಳಿಸಿ.

ದುಡ್ಡಿನ ಮಾತು

ಮದುವೆ ಹಾಸ್ಯದ ಜೀವಾಳ ಇಲ್ಲೇ ಇರುವುದು. ಒಂದು ವಿಷಯ ಮೊದಲೇ ಬಿಡಿಸಿ ಹೇಳಿ: ಮಹರ್ ಕೊಡುವವನು ಗಂಡು, ಅದು ಸೇರುವುದು ಹೆಣ್ಣಿಗೆ. ಅದರಲ್ಲಿ ಒಂದು ಪಾಲು ಮುಂಗಡ. ಇನ್ನೊಂದು ಪಾಲು ತಲಾಖ್ ಆದರೆ ಅಥವಾ ಗಂಡ ಸತ್ತರೆ ಕೊಡಬೇಕಾದ ಬಾಕಿ. ನಿಶ್ಚಿತಾರ್ಥದ ಚಿನ್ನಕ್ಕೆ ಶಬ್ಕಾ ಅನ್ನುತ್ತಾರೆ. ಈಜಿಪ್ಟಿನಲ್ಲಿ ಇದರ ಜೊತೆ 'ಆಯ್ಮಾ' ಅಂತ ಮನೆ ಸಾಮಾನಿನ ಪಟ್ಟಿ ಇರುತ್ತದೆ. ಅದಕ್ಕೆ ಮದುಮಗ ಸಹಿ ಹಾಕುತ್ತಾನೆ. ಮುಂದೆ ಸಂಸಾರ ಮುರಿದರೆ ಪಟ್ಟಿಯ ಸಾಮಾನು ಹೆಂಡತಿಗೆ. ಆ ಪಟ್ಟಿಯಲ್ಲಿ ತಪ್ಪದೆ ಕಾಣುವುದು 'ನೀಶ್', ಅಂದರೆ ಗಾಜಿನ ಬೀರು. ಅದರ ತುಂಬ ಪಿಂಗಾಣಿ ಪಾತ್ರೆ. ಯಾರೂ ಅದರಲ್ಲಿ ಉಣ್ಣುವುದಿಲ್ಲ, ಒರೆಸಿ ಇಡುತ್ತಾರೆ ಅಷ್ಟೇ. ನೀಶ್ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ಈಜಿಪ್ಟಿನವರು ಎಷ್ಟು ನಕ್ಕಿದ್ದಾರೋ ಲೆಕ್ಕವಿಲ್ಲ.

ಇದನ್ನೇ ಆಟ ಮಾಡಿ. ಒಂದು ಗುಂಪು ಹುಡುಗಿ ಕಡೆ, ಒಂದು ಹುಡುಗನ ಕಡೆ, ಕೈಯಲ್ಲಿ ಪಟ್ಟಿ. ತಟ್ಟೆ ಎಷ್ಟು, ಬಟ್ಟಲು ಎಷ್ಟು ಅಂತ ಚೌಕಾಸಿ ನಡೆಯಲಿ. ಅರಬ್ಬಿಯಲ್ಲಿ ಮೂರರಿಂದ ಹತ್ತರ ತನಕ ಸಂಖ್ಯೆಯ ಲಿಂಗ ವಸ್ತುವಿನ ಲಿಂಗಕ್ಕೆ ಉಲ್ಟಾ. ಸುಮ್ನೆ ನಿಯಮ ಹೇಳಿದರೆ ಯಾರಿಗೂ ಬರದು. ಬಟ್ಟಲಿಗಾಗಿ ಕಿತ್ತಾಡುವಾಗ ಬರುತ್ತದೆ. ಮುಂದಿನ ತರಗತಿಯವರಿಗೆ 1963ರ 'ಉಮ್ಮ್ ಅಲ್-ಅರೂಸಾ' (ಮದುಮಗಳ ತಾಯಿ) ಸಿನಿಮಾ ತೋರಿಸಬಹುದು. ಏಳು ಮಕ್ಕಳ ತಂದೆಯೊಬ್ಬ ಮಗಳ ಮದುವೆ ಖರ್ಚಿಗೆ ಒದ್ದಾಡುವುದನ್ನು ನೋಡಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಕತ್ಬ್ ಕಿತಾಬ್, ಅಂದರೆ ನಿಕಾಹ್ ಬರೆಸುವ ಭಾಗ, ಬೇಗ ಮುಗಿಸಿ. ಮದುಮಗ ಮತ್ತು ಹುಡುಗಿಯ ತಂದೆ ಕೈ ಕೈ ಹಿಡಿಯುತ್ತಾರೆ, ಮೇಲೊಂದು ಬಿಳಿ ಕರವಸ್ತ್ರ. ಒಬ್ಬರು 'ಮದುವೆ ಮಾಡಿಕೊಟ್ಟೆ', ಇನ್ನೊಬ್ಬರು 'ಒಪ್ಪಿದೆ' ಅನ್ನುತ್ತಾರೆ. ಎರಡೂ ಭೂತಕಾಲ. ಮುಗಿದ ಕೂಡಲೇ ಕರವಸ್ತ್ರ ಕಿತ್ತುಕೊಳ್ಳಲು ಗಲಾಟೆ.

ಎಲ್ಲ ಅರಬ್ಬರೂ ಈಜಿಪ್ಟಿನವರಲ್ಲ

ಜೋರ್ಡನ್, ಪ್ಯಾಲೆಸ್ತೀನಿನಲ್ಲಿ ಹುಡುಗನ ಕಡೆಯ ಹಿರಿಯರು 'ಜಾಹಾ', ಅಂದರೆ ಹೆಣ್ಣು ಕೇಳುವ ಹಿರಿಯರ ಗುಂಪು, ಕಟ್ಟಿಕೊಂಡು ಬರುತ್ತಾರೆ. ಕಾಫಿ ಕೊಟ್ಟರೆ ಹಿರಿಯ ಅದನ್ನು ಮುಟ್ಟದೆ ಕೆಳಗಿಟ್ಟು, ಬಂದ ಕೆಲಸ ಹೇಳುತ್ತಾನೆ. ಹುಡುಗಿ ಕಡೆಯವರು "ಕಾಫಿ ಕುಡಿಯಿರಿ" ಅಂದರೆ ಒಪ್ಪಿಗೆ. ಇದು ತರಗತಿಯಲ್ಲಿ ಆಡಿಸಲು ಸೊಗಸು: ಎಲ್ಲರೂ ಕಾಫಿ ನೋಡುತ್ತಾ ಕೂತಿದ್ದಾರೆ, ಹುಡುಗಿಯ ಖಾಲ್ ಮಾತು ನಿಲ್ಲಿಸುತ್ತಲೇ ಇಲ್ಲ. ಸೌದಿಯಲ್ಲಿ ಹುಡುಗ ಹುಡುಗಿ ನೋಡುವುದಕ್ಕೆ ಶೌಫಾ, ನಿಕಾಹ್‌ಗೆ ಮಿಲ್ಕಾ. ಗಂಡಸರ, ಹೆಂಗಸರ ಸಮಾರಂಭ ಸಾಮಾನ್ಯವಾಗಿ ಬೇರೆ ಬೇರೆ. ಗಲ್ಫ್‌ಗೆ ಹೊರಟವರಿಗೆ ಇದನ್ನು ಒತ್ತಿ ಹೇಳಿ. ಅಲ್ಲಿ ಸಹೋದ್ಯೋಗಿಯ ಹೆಂಡತಿಯ ಹೆಸರು ಕೇಳಬಾರದು, "ಮನೆಯವರು ಹೇಗಿದ್ದಾರೆ" ಅಂದರೆ ಸಾಕು.

ಅರಬ್ಬರು ತಮ್ಮ ಬಗ್ಗೆ ತಾವೇ ಮಾಡಿಕೊಂಡ ಹಾಸ್ಯವನ್ನೇ ಆರಿಸಿ, ಹೊರಗಿನವರು ಗೇಲಿ ಮಾಡಿದ್ದು ಬೇಡ. ತರಗತಿ ಪದ್ಧತಿಯನ್ನೇ ಹೀಗಳೆದು ನಗಲು ಶುರು ಮಾಡಿದರೆ ತುಣುಕು ನಿಲ್ಲಿಸಿ. ನಮ್ಮ ಧಾರೆಯಲ್ಲಿ ಅಂತರಪಟ ಯಾಕೆ ಹಿಡಿಯುತ್ತಾರೆ ಅಂತ ಒಬ್ಬ ಅರಬ್ ಅತಿಥಿಗೆ ಹೇಳುವಂತೆ, ಅರಬ್ಬಿಯಲ್ಲಿ, ಅವರಿಂದಲೇ ಹೇಳಿಸಿ. ಆಮೇಲೆ ಬಿಟ್ಟಲ್ಲಿಂದ ತುಣುಕು ಮುಂದುವರಿಸಿ.